ಹೊರಗೆ ಬನ್ನಿ

ಬಸವೇಶ್ವರನಗರದ ಆ ಮನೆಯನ್ನು ಕೆಡವಿ ಕಟ್ಟುವ ಮೊದಲು ಮೆಟ್ಟಿಲ ಕೆಳಗೊಂದು ಗೂಡಿತ್ತು. ಬಾಗಿಲಿಲ್ಲ, ಕಿಟಕಿಯಿಲ್ಲ, ಎದ್ದು ನಿಂತರೆ ನೆತ್ತಿಗೆ ಸಿಮೆಂಟು ತಾಗುತ್ತಿತ್ತು. ಖಾಲಿ ಸಿಲಿಂಡರು, ಸ್ಕೂಟರಿನ ಹಳೆಯ ಟೈರು, ತೆಂಗಿನಕಾಯಿ ಚೀಲ, ಇವುಗಳ ನಡುವೆ ಸುತ್ತಿಟ್ಟ ಒಂದು ಚಾಪೆ. ಮನೆಯ ಹೆಂಗಸು ತಿಂಗಳಿಗೆ ಮೂರು ದಿನ ಆ ಚಾಪೆ ಬಿಡಿಸುತ್ತಿದ್ದಳು. ಗಂಗಲಕ್ಷ್ಮಮ್ಮ ಮದುವೆಯಾಗಿ ಬಂದಂದಿನಿಂದ ಮುಟ್ಟು ನಿಲ್ಲುವವರೆಗೂ ಅಲ್ಲಿ ಕೂತೆದ್ದವರು. ಅವರಿಗೆ ನಿಂತ ಮೇಲೆ ಚಾಪೆ ಸೊಸೆ ಧನ್ಯಶ್ರೀಯ ಪಾಲಿಗೆ ಬಂತು. ಆ ದಿನಗಳಲ್ಲಿ ಯಾರಾದರೂ ಬಂದು ಸೊಸೆ ಎಲ್ಲಿ ಎಂದರೆ ಅತ್ತೆ ದನಿ ತಗ್ಗಿಸಿ, ಅವಳು ಹೊರಗೆ, ಅನ್ನುತ್ತಿದ್ದರು. ಬಂದವರು ಮತ್ತೆ ಕೇಳುತ್ತಿರಲಿಲ್ಲ.

ಧನ್ಯಶ್ರೀ ಜಗಳ ಮಾಡುವವಳಲ್ಲ. ಕಾದಳು. ಹಳೆಯ ಮನೆ ಸೋರತೊಡಗಿ, ಕೆಡವಿ ಕಟ್ಟೋಣವೆಂದು ಮಾವ ಅಂಜಿನಯ್ಯನವರು ತೀರ್ಮಾನಿಸಿ, ಕಂಟ್ರಾಕ್ಟರ್ ಕಾಂತರಾಜು ಪ್ಲಾನು ಸುತ್ತಿಕೊಂಡು ಬಂದ ದಿನ, ಕಾಫಿ ಲೋಟ ಕೈಗಿಡುತ್ತಾ ಒಂದು ಮಾತು ಹೇಳಿದಳು. ಸಂಪಿನ ಮೋಟರು, ಮೀಟರು ಬೋರ್ಡು ಎಲ್ಲ ಮೆಟ್ಟಿಲ ಕೆಳಗೇ ಹಾಕಿಬಿಟ್ಟರೆ ಮುಂದುಗಡೆ ಗಾಡಿ ನಿಲ್ಲಿಸಲು ಜಾಗ ಉಳಿಯುತ್ತದಲ್ಲ ಎಂದು. ಕಾಂತರಾಜು ಪೆನ್ಸಿಲು ತೆಗೆದು ಅಲ್ಲೇ ಗೀಟು ಹಾಕಿದ. ಸೊಸೆಗೆ ತಲೆ ಇದೆ ಎಂದು ಮಾವ ಹೊಗಳಿದರು. ಮನೆ ಎದ್ದಿತು. ಗೂಡು ಇದ್ದಲ್ಲಿ ಮೋಟರು ಗುಂಯ್ಗುಡತೊಡಗಿತು.

ಗೃಹಪ್ರವೇಶವಾದ ಮೊದಲ ತಿಂಗಳು ಗಂಗಲಕ್ಷ್ಮಮ್ಮ ಹೊಸ ಮನೆಯನ್ನು ಎರಡು ಸುತ್ತು ಹಾಕಿದರು. ಕೆಳಗಿನದು ಬಾಡಿಗೆಗೆ ಹೋಗಿತ್ತು. ಮೇಲೆ ಎರಡು ರೂಮು, ಹಾಲು, ಅಡುಗೆಮನೆ. ಒಂದು ಗೋಡೆಗೆ ಇನ್ನೊಂದು ಗೋಡೆ ಅಂಟಿಕೊಂಡಿತ್ತು. ಜಾಗವೇ ಇಲ್ಲವಲ್ಲ, ಎಂದು ಸೋಫಾದ ಮೇಲೆ ಕೂತರು. ಅಂದಿನಿಂದ ಸೊಸೆಯ ಆ ಮೂರು ದಿನ ಅಡುಗೆಮನೆಯ ಹೊಸ್ತಿಲು ತುಳಿಯುವುದನ್ನು ಅವರೇ ಬಿಟ್ಟರು. ಬಾಳೆಹಣ್ಣು, ನೆನೆಸಿದ ಅವಲಕ್ಕಿ, ಅಷ್ಟೇ ಅವರ ಊಟ. ನೆಂಟರು ಫೋನು ಮಾಡಿದರೆ ನಗುನಗುತ್ತಲೇ, ನಮ್ಮ ಮನೇಲಿ ಜಾಗ ಇಲ್ಲ ಕಣೆ, ಏನ್ಮಾಡೋದು, ಅನ್ನುವರು. ಅದೇ ವರ್ಷ ಅಂಜಿನಯ್ಯನವರು ಹಲ್ಲುಜ್ಜುತ್ತಿದ್ದವರು ಕುಸಿದು ತೀರಿಕೊಂಡರು. ಅತ್ತೆಯ ಬಾಳೆಹಣ್ಣು ಅವಲಕ್ಕಿ ಆಮೇಲೂ ನಡೆಯಿತು, ಆದರೆ ನಗು ನಿಂತಿತು.

ಧನ್ಯಶ್ರೀ ಅದನ್ನೆಲ್ಲ ಸಹಿಸಿದಳು. ಮಗಳು ಐಶ್ವರ್ಯ ಆಗ ಇನ್ನೂ ತೊದಲು ಮಾತಿನ ಮಗು. ಅವಳು ದೊಡ್ಡವಳಾಗುವ ಹೊತ್ತಿಗೆ ಈ ಮನೆಯಲ್ಲಿ ಹೊರಗೆ ಕೂರುವುದು ಎಂಬುದೊಂದಿತ್ತು ಅನ್ನುವ ನೆನಪೂ ಉಳಿಯಬಾರದು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಮಗಳಿಗೆ ತಿಳಿವಳಿಕೆ ಬಂದ ಮೇಲೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದಳು. ಇದರಲ್ಲಿ ನಾಚಿಕೆಯಿಲ್ಲ, ಗುಟ್ಟಿಲ್ಲ, ನೆಗಡಿ ಬಂದಂತೆ ಬರುತ್ತದೆ ಹೋಗುತ್ತದೆ ಎಂದಳು. ಹುಡುಗಿ ಗಮನವಿಟ್ಟು ಕೇಳಿದಳು. ಅಜ್ಜಿಗೆ ವಯಸ್ಸಾಗುತ್ತಿತ್ತು, ಸಕ್ಕರೆ ಕಾಯಿಲೆ ಹತ್ತಿತ್ತು. ಇನ್ನೊಂದೆರಡು ವರ್ಷ, ಎಂದು ಧನ್ಯಶ್ರೀ ಅಂದುಕೊಂಡಿದ್ದಳು.

ಹಾಗಿರುವಾಗ ಟೆಂಟು ಕೊಂಡಳು.

ಡಿಗ್ರಿ ಓದುವಾಗ ಅವಳು ಎನ್‌ಸಿಸಿಯಲ್ಲಿದ್ದವಳು. ಗೂಟ ಹೊಡೆದು, ಹಗ್ಗ ಬಿಗಿದು, ಮಳೆನೀರು ಹರಿದುಹೋಗಲು ಸುತ್ತ ಕಾಲುವೆ ತೋಡಿ ಮಲಗಿದ ಕ್ಯಾಂಪುಗಳು ಅವಳ ಮಟ್ಟಿಗೆ ಬದುಕಿನ ಒಳ್ಳೆಯ ದಿನಗಳು. ಅಲ್ಲಿ ಯಾರಿಗೆ ಯಾವ ದಿನ ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಹೊರಗೇ ಇದ್ದ ಮೇಲೆ ಯಾರೊಬ್ಬಳೂ ಹೊರಗಾಗುವಂತಿರಲಿಲ್ಲ. ಮದುವೆಯಾದ ಮೇಲೆ ಆ ಮಾತು ಎತ್ತಿದಾಗೆಲ್ಲ ಗಂಡ ಮಹದೇವ್, ಕಾಮಾಕ್ಷಿಪಾಳ್ಯದ ತನ್ನ ಲೇತ್ ಶಾಪಿನ ಕೆಲಸದ ಹೆಸರು ಹೇಳಿ ಮುಂದೂಡುತ್ತಿದ್ದ. ಬ್ಯಾಡರಹಳ್ಳಿಯಿಂದ ಇನ್ನೂ ಆಚೆ, ಮುತ್ತುಗದಕೆರೆಯ ದಂಡೆಯ ತೋಪಿನಲ್ಲಿ ಪಾರ್ಕು ಮಾಡಿದ್ದಾರೆ, ಶನಿವಾರ ಹೋಗಿ ಸ್ವಂತ ಟೆಂಟು ಹಾಕಿ ಉಳಿದುಕೊಂಡು ಭಾನುವಾರ ಬರಬಹುದು ಎಂದು ಅವಳು ಕೆಲಸ ಮಾಡುವ ಸ್ಕೂಲಿನ ಆಫೀಸಿನಲ್ಲಿ ಯಾರೋ ಹೇಳಿದರು. ಅವಳು ಗಂಡನನ್ನು ಕೇಳದೆ ಟೆಂಟು ತರಿಸಿದಳು. ಗೂಟದ ಗೊಡವೆಯಿಲ್ಲದ್ದು. ದುಂಡನೆಯ ಚೀಲದಿಂದ ತೆಗೆದು ಗಾಳಿಗೆ ಎಸೆದರೆ ನೆಲಕ್ಕೆ ಬೀಳುವಷ್ಟರಲ್ಲಿ ಮನೆಯಾಗಿರುತ್ತಿತ್ತು. ಚೀಲದ ಮೇಲೆ ಮೂವರಿಗೆ ಎಂದು ಅಚ್ಚಾಗಿತ್ತು. ಕೆಳಗೆ ಗಂಡ, ಹೆಂಡತಿ, ಮಗು ಹಲ್ಲು ಬಿಟ್ಟು ಕೂತ ಚಿತ್ರ.

ಅತ್ತೆಯನ್ನು ಬಿಟ್ಟು ಹೋಗಬಹುದಿತ್ತು. ಅವಳೇ ಕರೆದಳು. ಮನೆಯಲ್ಲೇ ಕೂತು ಬೇಜಾರಾಗಿದೆ, ಅವರೂ ನಾಲ್ಕು ಗಿಡಮರ ನೋಡಲಿ ಎಂದಳು. ಅದು ಕರುಣೆಯೋ ಗೆದ್ದವಳ ಉದಾರತನವೋ, ಅವಳು ಯೋಚಿಸಲಿಲ್ಲ.

ಮಹದೇವ್ ಶಾಪಿನ ಓಮ್ನಿಯಲ್ಲಿ ಎಲ್ಲರನ್ನೂ ಕರೆದುಕೊಂಡು ಹೋದ. ಪಾರ್ಕಿನ ಗೇಟಿನಲ್ಲಿ ದೊಡ್ಡ ಬೋರ್ಡಿತ್ತು: ಒಳಗೆ ಕೂತದ್ದು ಸಾಕು, ಹೊರಗೆ ಬನ್ನಿ. ಗಂಗಲಕ್ಷ್ಮಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ ಬಾಯಿಗೆ ಸೆರಗು ಅಡ್ಡ ಹಿಡಿದರು. ಭುಜ ಕುಲುಕತೊಡಗಿತು.

"ಏನ್ ಬರ್ದಿದಾರೆ ನೋಡೇ ಧನ್ಯ," ಎಂದರು. "ಗಂಡಸ್ರೂ ಹೊರಗಾಗ್ಬೇಕಂತೆ."

ಮಹದೇವನಿಗೆ ತಿಳಿಯಲಿಲ್ಲ. ಧನ್ಯಶ್ರೀಗೆ ತಿಳಿದು ಅವಳೂ ನಕ್ಕಳು. ಅತ್ತೆ ಸೊಸೆ ಒಂದೇ ಮಾತಿಗೆ ಕೂಡಿ ನಕ್ಕದ್ದು ಅವಳ ನೆನಪಿನಲ್ಲಿ ಅದೊಂದೇ ಸಲ.

ಕೆರೆ ಚೆನ್ನಾಗಿತ್ತು. ಹೊಂಗೆ, ಬಿದಿರು, ಏರಿಯ ಕಡೆಗೆ ಹಳೆಯ ಹುಣಸೆ. ಏರಿಯ ಬುಡದಲ್ಲಿ ಕುಂಕುಮ ಮೆತ್ತಿದ ಮುನೇಶ್ವರನ ಕಲ್ಲು. ಟೆಂಟು ಹಾಕುವ ಬಯಲಿಗೆ ಸುತ್ತ ಹಗ್ಗ ಕಟ್ಟಿದ್ದರು. ಪಾರ್ಕು ನೋಡಿಕೊಳ್ಳುವ ಮರೆಪ್ಪ ರಾಯಚೂರು ಕಡೆಯವನು. ಎದುರಿನ ಹೊಂಗೆ ಮರ ತೋರಿಸಿ, ಆ ಗಿಡದ ಬುಡಕ ಹಾಕ್ರಿ ಅಕ್ಕಾರ, ನೆರಳೈತಿ, ಎಂದ. ಅದು ಗಿಡ ಅಲ್ಲ ಅಂಕಲ್, ಮರ, ಎಂದು ಐಶು ತಿದ್ದಿದಳು. ನಮ್ಮ ಕಡಿ ಅದೂ ಗಿಡಾನ ಪುಟ್ಟಿ, ಎಂದು ಅವನು ನಕ್ಕು, ಹಗ್ಗದ ಆಚೆ ಮಾತ್ರ ಯಾರೂ ಹಾಕಬಾರದು, ಅದು ರೂಲ್ಸು ಎಂದು ಹೇಳಿ ಹೋದ.

ಅಜ್ಜಿಗೂ ಅಪ್ಪನಿಗೂ ಪಾರ್ಕಿನವರ ಬಾಡಿಗೆ ಟೆಂಟು, ಅಮ್ಮನಿಗೂ ತನಗೂ ಹೊಸದು ಎಂದು ಐಶುವೇ ಹಂಚಿದಳು. ಎಸೆಯುವುದನ್ನು ಧನ್ಯಶ್ರೀ ಅವಳಿಗೆ ಹೇಳಿಕೊಟ್ಟಳು. ಎರಡು ಕೈಯಲ್ಲಿ ಹಿಡಿ, ಮುಖದಿಂದ ದೂರ ಇಟ್ಟುಕೋ, ಎತ್ತರಕ್ಕೆ ಬಿಡು. ಹುಡುಗಿ ಬಿಟ್ಟಳು. ಹಸಿರು ಗುಮ್ಮಟವೊಂದು ಹುಲ್ಲಿನ ಮೇಲೆ ಕುಪ್ಪಳಿಸಿ ಕೂತಿತು. ಪಕ್ಕದ ಟೆಂಟಿನವರು ಚಪ್ಪಾಳೆ ತಟ್ಟಿದರು.

ಇನ್ನೂ ವಾರವಿದೆ ಎಂದುಕೊಂಡಿದ್ದಳು ಧನ್ಯಶ್ರೀ. ಸಂಜೆ ಪುಳಿಯೋಗರೆ ಬುತ್ತಿ ಬಿಚ್ಚುವ ಹೊತ್ತಿಗೆ ಹೊಟ್ಟೆಯಲ್ಲಿ ಪರಿಚಯದ ನೋವು ಹಿಂಡಿತು. ಪಾರ್ಕಿನ ಟಾಯ್ಲೆಟ್ಟಿಗೆ ಹೋದವಳು ಬಾಗಿಲ ಸಂದಿಯಿಂದ ಮಗಳನ್ನು ಕರೆದು, ನನ್ನ ಬ್ಯಾಗಿನ ಒಳಜೇಬಿನಲ್ಲಿರುವುದನ್ನು ತಗೊಂಡು ಬಾ ಎಂದಳು. ಮೆಲ್ಲಗೆ ಎಂದು ಹೇಳಲಿಲ್ಲ. ಹಾಗೆ ಹೇಳಬಾರದೆಂದೇ ಇಷ್ಟು ದಿನ ಮಗಳನ್ನು ಬೆಳೆಸಿದ್ದಳು.

ಹುಡುಗಿ ಓಡಿಹೋಗಿ ಎಲ್ಲರಿಗೂ ಕೇಳುವಂತೆ ಕೇಳಿದಳು.

"ಅಪ್ಪಾ, ಅಮ್ಮನ ಬ್ಯಾಗೆಲ್ಲಿ? ಪೀರಿಯಡ್ಸ್ ಅಂತೆ, ಪ್ಯಾಡ್ ಬೇಕಂತೆ."

ಧನ್ಯಶ್ರೀ ವಾಪಸು ಬರುವಾಗ ಅತ್ತೆ ಸೌಟು ಕೆಳಗಿಟ್ಟಿದ್ದರು. ಬೈಯಲಿಲ್ಲ. ಅವರ ಕಣ್ಣು ಹಸಿರು ಟೆಂಟಿನ ಮೇಲೆ ನಿಂತಿತ್ತು, ಎಂದೋ ಕಳೆದುಹೋದ ಚೊಂಬು ಪಕ್ಕದ ಮನೆಯ ಜಗುಲಿಯಲ್ಲಿ ಕಂಡವರ ಹಾಗೆ.

"ಇದಕ್ಕೆ ಜಾಗ ಎಷ್ಟು ಬೇಕೋ ಮಹದೇವ?"

"ಯಾವುದಕ್ಕಮ್ಮ?"

"ಈ ಬಟ್ಟೆ ಮನೆಗೆ. ಎಲ್ಲಿ ಬೇಕಾದ್ರೂ ಎತ್ತಿಡಬಹುದಲ್ವ?"

ಮಹದೇವ್ ಹೆಂಡತಿಯ ಮುಖ ನೋಡಿದ. ಇದು ಕಾಡು, ಇಲ್ಲಿ ಮಡಿ ಮೈಲಿಗೆ ಯಾರಿಗೆ ಎಂದು ಅವಳು ಅಂದಳು. ಗಂಗಲಕ್ಷ್ಮಮ್ಮ ಮುನೇಶ್ವರನ ಕಲ್ಲಿನ ಕಡೆ ಕೈ ತೋರಿ, ಅವನ ಎದುರಿಗೇ ಹೇಳ್ತೀಯಾ, ಎಂದರು. ಆಮೇಲೆ ದನಿ ಏರಿಸದೆ, ಮಗುವಿನ ತಟ್ಟೆಗೆ ಕೊಡುಬಳೆ ಮುರಿದು ಹಾಕುತ್ತಾ, ಇಷ್ಟು ವರ್ಷ ಆಡದ ಮಾತು ಆಡಿದರು.

"ಮೆಟ್ಟಿಲ ಕೆಳಗಿನ ಜಾಗ ಹೋದ ವರ್ಷಾನೇ ನಿಮ್ಮ ಮಾವ ಹೋದ್ರು ಕಣಮ್ಮ. ಮೋಟರ್ ಅಲ್ಲಿ ಇಡಿ ಅಂತ ಹೇಳಿದ್ದು ಯಾರು ಅಂತ ನಂಗೊತ್ತು. ಒಂದು ದಿನ ಅಂದಿದೀನಾ? ಜಾಗ ಇರ್ಲಿಲ್ಲ, ಸುಮ್ನಿದ್ದೆ. ಈಗ ಜಾಗ ನೀನೇ ತಂದಿದೀಯ."

ಮಹದೇವ್ ಎದ್ದ. ಒಳಗಿದ್ದ ಮಗಳ ದಿಂಬು, ಹೊದಿಕೆ ತೆಗೆದು ಪಕ್ಕಕ್ಕಿಟ್ಟ. ಟೆಂಟನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿಕೊಂಡ. ಅದಕ್ಕೆ ಭಾರವೇ ಇರಲಿಲ್ಲ. ದೊಡ್ಡ ಕೊಡೆ ಹಿಡಿದು ಹೊರಟವನಂತೆ ಹಗ್ಗ ದಾಟಿ, ಏರಿಯ ಹತ್ತಿರದ ಹುಣಸೆ ಮರದ ಕೆಳಗೆ ಇಟ್ಟು ಬಂದ. ಹೆಂಡತಿಯ ಕಣ್ಣು ತಪ್ಪಿಸಿ, ಒಂದು ದಿನ ತಾನೆ, ಎಂದ.

ಧನ್ಯಶ್ರೀ ನಡೆದುಹೋಗಿ ಕೂತಳು. ಮಾವ ಸತ್ತದ್ದು ನಿನ್ನಿಂದ ಎಂದು ಅತ್ತೆ ಹೇಳಿದ್ದರು, ಅಲ್ಲ ಎಂದು ಗಂಡ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಮರೆಪ್ಪ ಟಾರ್ಚು ಆಡಿಸುತ್ತ ಬಂದು, ಹಗ್ಗದಾಚೆ ಹಾಕಂಗಿಲ್ರಿ, ಒಳಗ ತಗೋರಿ, ಎಂದು ಗದರಿದ. ಅವಳು ಥಟ್ಟನೆ ಎದ್ದು ನಿಂತಳು. ಆ ಗದರಿಕೆಯಷ್ಟು ಹಿತವಾದದ್ದನ್ನು ಅವಳು ಅಂದು ಕೇಳಿರಲಿಲ್ಲ. ಅಷ್ಟರಲ್ಲಿ ಮಹದೇವ್ ಓಡಿಬಂದು ಅವನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದು ಏನೋ ಉಸುರಿದ. ಮರೆಪ್ಪ ಟಾರ್ಚು ಆರಿಸಿದ. ಹಂಗಿದ್ರ ಇರಲಿ ಬಿಡ್ರಿ, ಎಂದು ಬಂದ ದಾರಿಯಲ್ಲೇ ಹೋದ.

ಪಕ್ಕದ ಟೆಂಟಿನ ಕಲಾ, ವಿಜಯನಗರದವಳು, ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ವಾಕಿಂಗ್ ಬಂದವಳು ವಿಷಯ ತಿಳಿದು ದೂರದಲ್ಲೇ ಕಲ್ಲಿನ ಮೇಲೆ ಕೂತಳು.

"ಲಕ್ಕಿ ಕಣ್ರೀ ನೀವು. ನಿಮ್ಮತ್ತೆ ನಿಮಗೇ ಅಂತ ಒಂದು ಟೆಂಟ್ ಬಿಟ್ಕೊಟ್ಟಿದಾರೆ, ಅದೂ ಲೇಕ್ ವ್ಯೂ. ನಮ್ಮನೇಲಿ ಹೊಟ್ಟೆ ನೋವಲ್ಲೂ ಚಪಾತಿ ನಾನೇ ಒತ್ತಬೇಕು."

ಅದನ್ನು ಅವಳು ಹೋಗಿ ಗಂಗಲಕ್ಷ್ಮಮ್ಮನವರಿಗೂ ಹೇಳಿದಳು. ಅವರು ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಮುಂದೆ ಬಹಳ ಸಲ ಬಿಚ್ಚಿ ತೋರಿಸಿದರು: ಓದಿದೋರೇ ಹೇಳ್ತಾರೆ, ರೆಸ್ಟು ಅಂತೆ.

ಊಟ ಐಶು ತಂದಳು. ಪೇಪರ್ ತಟ್ಟೆ ಹುಲ್ಲಿನ ಮೇಲಿಟ್ಟು, ಹೇಳಿಕೊಟ್ಟಂತೆ ಮೂರು ಹೆಜ್ಜೆ ಹಿಂದೆ ಸರಿದಳು. ಅವಳಿಗೆ ಅದು ಆಟವಾಗಿತ್ತು. ಒಬ್ಬಳೇ ಮಲಗ್ತೀಯಾ ಅಮ್ಮ, ನಿಂಗೇನಪ್ಪ ಮಜಾ, ಎಂದು ಕುಣಿದುಕೊಂಡು ಹೋದಳು.

ಬೆಳಗ್ಗೆ ಮಂಜಿನಲ್ಲಿ ಕೆರೆ ಬೆಳ್ಳಗಿತ್ತು. ನೀರಿನ ಅಂಚಿನಲ್ಲಿ ಬೆಳ್ಳಕ್ಕಿಗಳು ಒಂದೊಂದಾಗಿ ಇಳಿದವು. ಹುಣಸೆಯ ಎಲೆ ಉದುರಿ ಟೆಂಟಿನ ಮೇಲೆ ಮಳೆಯ ಸದ್ದಾಗುತ್ತಿತ್ತು. ಅವಳು ವರ್ಷಗಳಿಂದ ಬಯಸಿದ್ದೆಲ್ಲ ಅಲ್ಲಿತ್ತು. ಹೊರಡುವ ಹೊತ್ತಿಗೆ ಮಹದೇವ್ ಟೆಂಟು ಮಡಚಲು ಹೋಗಿ ಸೋತ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಅವನ ಗಲ್ಲಕ್ಕೆ ಬಡಿಯುತ್ತಿತ್ತು. ಕೊನೆಗೆ ಅವಳನ್ನೇ ಕರೆದರು. ಅವಳು ಅಂಚುಗಳನ್ನು ಕೂಡಿಸಿ, ಮೊಣಕಾಲೂರಿ, ಮಣಿಕಟ್ಟು ತಿರುವಿದಳು. ಬಳೆಯೊಳಗೆ ಬಳೆ ಕೂತಂತೆ ಇಡೀ ಟೆಂಟು ಸುರುಳಿಯಾಯಿತು.

"ಇಷ್ಟೇನಾ?" ಎಂದರು ಗಂಗಲಕ್ಷ್ಮಮ್ಮ, ಹಗ್ಗದ ಈಚೆಯಿಂದ. ಅವರ ಮುಖದಲ್ಲಿ ನಿಜವಾದ ಮೆಚ್ಚುಗೆಯಿತ್ತು. "ಎಲ್ಲಾದ್ರೂ ಇಟ್ಕೋಬಹುದು."

ಮುಂದಿನ ತಿಂಗಳು ಟೆಂಟು ತಾರಸಿಗೆ ಹೋಯಿತು. ಮೊದಲು ಧನ್ಯಶ್ರೀ ಒಪ್ಪಲಿಲ್ಲ. ಅತ್ತೆ ಈ ಸಲ ಅವಲಕ್ಕಿಯನ್ನೂ ಬಿಟ್ಟರು. ಊಟ ಬಿಟ್ಟು ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ನುಂಗಿದ್ದಕ್ಕೆ ಸಂಜೆ ಬೆವರಿ ಬಿದ್ದರು. ಆಸ್ಪತ್ರೆಯಿಂದ ಕರೆತಂದ ಮಹದೇವ್ ಹೆಂಡತಿಗೆ ಕೈ ಮುಗಿದ. ನಿಂಗೂ ಟೆಂಟು ಅಂದ್ರೆ ಇಷ್ಟ ತಾನೆ, ಎಂದ. ಅವನು ವ್ಯಂಗ್ಯವಾಡುವವನಲ್ಲ, ಹಾಗೆಂದೇ ನಂಬಿದ್ದ.

ಅವಳು ಹಗಲೆಲ್ಲ ವಿಜಯನಗರದ ಸ್ಕೂಲಿನ ಆಫೀಸಿನಲ್ಲಿ ಜನರ ನಡುವೆ ಕೂತು, ಅಡ್ಮಿಷನ್ನಿಗೆ ಬಂದವರ ಕೈಗೆ ಕಾಗದ ಕೊಟ್ಟು ತೆಗೆದುಕೊಂಡು, ಸಂಜೆ ಬಸ್ಸಿಳಿದು ಹಿಂಬದಿಯ ಮೆಟ್ಟಿಲಿನಿಂದ ತಾರಸಿಗೆ ಹತ್ತುತ್ತಿದ್ದಳು. ನೀರಿನ ಟ್ಯಾಂಕಿನ ಪಕ್ಕ ಹಸಿರು ಗುಮ್ಮಟ ಕಾದಿರುತ್ತಿತ್ತು. ಅಕ್ಕಪಕ್ಕದ ತಾರಸಿಯವರು ಮೊದಮೊದಲು ಇಣುಕಿದರು, ಆಮೇಲೆ ತಮ್ಮ ಬಟ್ಟೆ ಒಣಹಾಕಿಕೊಂಡು ಹೋದರು. ನಾಲ್ಕನೆಯ ದಿನ ಅತ್ತೆ ಅರಿಸಿನದ ನೀರು ಚಿಮುಕಿಸಿದ ಮೇಲೆ ಅವಳು ಅದನ್ನು ಮಡಚಿ ಕೆಳಗಿಳಿಸುವಳು. ಐಶು ಹೋಂವರ್ಕ್ ಹಿಡಿದು ತಾರಸಿಗೆ ಬಂದು, ಅಂತರ ಬಿಟ್ಟು ಕೂತು, ಟೆಂಟಿನ ಜಾಲರಿಗೆ ಮುಖ ಮಾಡಿ ಹರಟುತ್ತಿದ್ದಳು. ಒಂದು ದಿನ ಕೇಳಿದಳು, ನಂಗೂ ಯಾವಾಗಮ್ಮ ಬರೋದು?

ಬಂದದ್ದು ಬೇಸಗೆ ರಜೆಯಲ್ಲಿ. ಹುಡುಗಿ ಹೆದರಲಿಲ್ಲ, ಅಳಲಿಲ್ಲ. ಅಮ್ಮನಿಗೆ ಹೇಳುವ ಮುಂಚೆ ಅಜ್ಜಿಗೆ ಹೇಳಿದ್ದಳು. ಯಾಕೆ ಎಂದರೆ, ನೀನೇ ಅಲ್ವ ಗುಟ್ಟಲ್ಲ ಅಂದಿದ್ದು, ಎಂದಳು.

ಗಂಗಲಕ್ಷ್ಮಮ್ಮ ಸಂಭ್ರಮಪಟ್ಟರು. ಮೊಮ್ಮಗಳ ಒಸಗೆ ಕಣ್ಣಲ್ಲಿ ನೋಡಿದೆನಲ್ಲ ಎಂದು ಅತ್ತರು. ಪದ್ಧತಿಯಂತೆ ಸೋದರಮಾವ ಬಂದು ಹಸಿ ಗರಿಯ ಗುಡ್ಲು ಹಾಕಬೇಕು, ಹುಡುಗಿ ಅದರಲ್ಲಿ ಕೂರಬೇಕು, ಕಡೆಯ ದಿನ ನೀರು ಹಾಕಿ ಆರತಿ ಎತ್ತಿ ಗುಡ್ಲು ಸುಡಬೇಕು. ನಾಯಂಡಹಳ್ಳಿಯಲ್ಲಿದ್ದ ಧನ್ಯಶ್ರೀಯ ತಮ್ಮ ಅಮರೇಶನಿಗೆ ಅವರೇ ಫೋನು ಮಾಡಿದರು.

ಸುಡಬೇಕು ಎಂಬ ಮಾತು ಧನ್ಯಶ್ರೀಯ ಕಿವಿಯಲ್ಲಿ ಉಳಿಯಿತು.

ಸುಡಲೇಬೇಕಾ ಅತ್ತೆ, ಎಂದು ಕೇಳಿದಳು. ಗಂಗಲಕ್ಷ್ಮಮ್ಮ ಕಣ್ಣರಳಿಸಿದರು. ಸುಡದಿದ್ದರೆ ಮೈಲಿಗೆ ಹೋಗುವುದು ಹೇಗೆ? ಒಂದು ಗರಿಯೂ ಉಳಿಯಬಾರದು, ಬೂದಿಯೇ ಆಗಬೇಕು. ಅವಳು ಒಂದು ಇಡೀ ಸಂಜೆ ಯೋಚಿಸಿದಳು. ಟೆಂಟನ್ನು ತಾನೇ ಹರಿದರೆ ಇನ್ನೊಂದು ಬರುತ್ತದೆ. ಕಳೆದರೆ ಇನ್ನೊಂದು ಬರುತ್ತದೆ. ಪದ್ಧತಿಯೇ ಸುಟ್ಟರೆ? ಸುಟ್ಟ ಗುಡ್ಲಿನಂಥದನ್ನು ಮತ್ತೆ ಮನೆಯೊಳಗೆ ತರುವುದು ಅಪಶಕುನವೆಂದು ತಾನೇ ಬಾಯಿಬಿಡಬಹುದು. ಅವರ ಮಾತು ಅವರಿಗೇ ತಿರುಗಿಸಬಹುದು. ಮೋಟರನ್ನು ಮೆಟ್ಟಿಲ ಕೆಳಗೆ ಹಾಕಿಸಿದ ಹಾಗೆಯೇ.

"ಈ ಬಿಸಿಲಲ್ಲಿ ಬೆಂಗಳೂರಲ್ಲಿ ಅಷ್ಟು ಗರಿ ಎಲ್ಲಿ ಸಿಗುತ್ತೆ ಅತ್ತೆ," ಎಂದಳು ಮರುದಿನ ಬೆಳಗ್ಗೆ. "ಟೆಂಟನ್ನೇ ಗುಡ್ಲು ಮಾಡೋಣ. ಮೇಲೆ ಸೊಪ್ಪು ಹೊದಿಸಿದ್ರಾಯ್ತು. ಕಡೇ ದಿನ ಪದ್ಧತಿ ಪ್ರಕಾರ ಸುಡೋಣ."

ಗಂಗಲಕ್ಷ್ಮಮ್ಮ ಸೊಸೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹತ್ತಿರ ಬಂದು ತಲೆಯ ಮೇಲೆ ಕೈ ಇಟ್ಟರು. ಮದುವೆಯಾದ ದಿನ ಅಕ್ಷತೆ ಹಾಕಿದ್ದು ಬಿಟ್ಟರೆ ಆ ಕೈ ಅವಳ ತಲೆ ಮುಟ್ಟಿರಲಿಲ್ಲ.

"ನೀನೇ ಹೇಳಿದ್ಯಲ್ಲಮ್ಮ," ಎಂದರು. "ಅಷ್ಟು ಸಾಕು ನಂಗೆ."

ಅಮರೇಶ ಬೈಕಿನ ಹಿಂದೆ ಹಲಸಿನ ಸೊಪ್ಪು, ನಾಲ್ಕು ತೆಂಗಿನ ಗರಿ ಕಟ್ಟಿಕೊಂಡು ಬಂದ. ನನ್ನ ಸೊಸೆಗೆ ಡಿಸೈನರ್ ಗುಡ್ಲು ಕಣಕ್ಕ, ಎಂದು ನಕ್ಕ. ಟೆಂಟು ಎಸೆದದ್ದು ಐಶುವೇ. ಎರಡು ಕೈಯಲ್ಲಿ ಹಿಡಿದು, ಮುಖದಿಂದ ದೂರವಿಟ್ಟು, ಎತ್ತರಕ್ಕೆ. ಅಮ್ಮಾ ನೋಡು, ಒಂದೇ ಸಲಕ್ಕೆ, ಎಂದು ತೆವಳಿ ಒಳಹೊಕ್ಕು ತಾನೇ ಜಿಪ್ಪು ಎಳೆದುಕೊಂಡಳು. ಬಾಗಿಲಿಗೆ ಅಡ್ಡ ಇಡಲು ಒನಕೆ ಬೇಕಿತ್ತು. ಒನಕೆ ಎಲ್ಲಿಂದ ತರುವುದು, ಲಟ್ಟಣಿಗೆ ಇಟ್ಟರು.

ಮೊದಲ ದಿನ ಹುಡುಗಿ ಹಾಡಿದಳು. ಕೊಬ್ಬರಿ, ಬೆಲ್ಲ, ಎಳ್ಳಿನ ಉಂಡೆ, ತುಪ್ಪ ಸುರಿದ ಮೆಂತ್ಯದ ಮುದ್ದೆ ಒಂದರ ಹಿಂದೊಂದು ತಿಂದಳು. ಎರಡನೆಯ ಮಧ್ಯಾಹ್ನ ತಾರಸಿಯ ಸಿಮೆಂಟು ಕಾಯಿತು. ಸೊಪ್ಪು ಬಾಡಿತು, ನೈಲಾನು ಬಾಡಲಿಲ್ಲ. ಜಾಲರಿಯ ಹಿಂದೆ ಅವಳ ಮುಖ ಕೆಂಪಾಗಿ, ಕೂದಲು ಹಣೆಗೆ ಅಂಟಿತ್ತು. ಕೆಳಗೆ ಬಂದು ಫ್ಯಾನಿನಡಿ ಸ್ವಲ್ಪ ಹೊತ್ತು ಕೂರಲಾ ಎಂದು ಕೇಳಿದಳು. ಅಜ್ಜಿ, ಇನ್ನೆರಡೇ ದಿನ ಪುಟ್ಟಿ, ಎಂದರು. ಹುಡುಗಿ ಅಮ್ಮನ ಕಡೆ ತಿರುಗಿದಳು.

ಧನ್ಯಶ್ರೀ ಲೆಕ್ಕ ಹಾಕಿದಳು. ಈಗ ಹೊರಗೆ ಕರೆದರೆ ಗುಡ್ಲು ಅರ್ಧಕ್ಕೆ ನಿಲ್ಲುತ್ತದೆ. ಅರ್ಧಕ್ಕೆ ನಿಂತದ್ದನ್ನು ಸುಡುವುದಿಲ್ಲ.

"ತಡ್ಕೋ ಐಶು," ಎಂದಳು.

"ಅಮ್ಮಾ, ಒಳಗೆ ಉಸಿರು ಕಟ್ತಿದೆ."

"ಇನ್ನೆರಡು ದಿನ. ತಡ್ಕೋ."

"ನನ್ನನ್ನ ಟೆಂಟಲ್ಲಿ ಕೂರಿಸಿ ಅಂತ ಹೇಳಿದ್ದು ನೀನಂತೆ," ಎಂದಳು ಹುಡುಗಿ. "ಅಜ್ಜಿ ಹೇಳಿದ್ರು."

ಧನ್ಯಶ್ರೀ ಬೀಸಣಿಗೆಯನ್ನು ಜಾಲರಿಯ ಹತ್ತಿರ ಹಿಡಿದು ಬೀಸತೊಡಗಿದಳು. ಹುಡುಗಿ ಆ ಕಡೆ ಮಗ್ಗುಲಾದಳು. ಮತ್ತೆ ಅವಳು ಏನನ್ನೂ ಕೇಳಲಿಲ್ಲ. ಮೂರನೆಯ ದಿನ ಕೊಟ್ಟದ್ದು ತಿಂದಳು, ಕೂರು ಎಂದರೆ ಕೂತಳು. ಎಷ್ಟು ಬೇಗ ಬುದ್ಧಿ ಬಂತು ನೋಡು, ಎಂದು ಗಂಗಲಕ್ಷ್ಮಮ್ಮ ಮೆಚ್ಚಿದರು.

ಕಡೆಯ ದಿನ ನೆಂಟರು, ಬೀದಿಯ ಹೆಂಗಸರು ಬಂದರು. ಹುಡುಗಿಗೆ ಅರಿಸಿನದ ನೀರು ಹಾಕಿ, ಹಸಿರು ಸೀರೆ ಉಡಿಸಿ, ಆರತಿ ಎತ್ತಿದರು. ಸೀರೆ ಅವಳಿಗೆ ಉದ್ದವಾಗಿತ್ತು. ಧನ್ಯಶ್ರೀ ಬೆಳಗ್ಗೆಯೇ ತಾರಸಿಯ ಗೋಡೆಯ ಮೇಲೆ ಬೆಂಕಿಪೊಟ್ಟಣ, ಕರ್ಪೂರ, ಒಂದು ಬಕೆಟ್ಟು ನೀರು ಇಟ್ಟಿದ್ದಳು. ಎಲ್ಲರೂ ಮೇಲೆ ಬಂದಾಗ ಅವಳೇ ಬೆಂಕಿಪೊಟ್ಟಣ ಕೈಗೆತ್ತಿಕೊಂಡಳು.

"ಸ್ವಲ್ಪ ಇರು," ಎಂದರು ಗಂಗಲಕ್ಷ್ಮಮ್ಮ.

ಟೆಂಟಿನ ಮೇಲಿನ ಸೊಪ್ಪನ್ನು ಎರಡು ಕೈಯಲ್ಲಿ ಬಾಚಿ ಎಳೆದು ತಾರಸಿಯ ಮೂಲೆಗೆ ರಾಶಿ ಹಾಕಿದರು. ಗರಿಗಳನ್ನು ಅಮರೇಶನ ಕೈಯಲ್ಲಿ ಎಳೆಸಿದರು. ಹಸಿರು ಗುಮ್ಮಟ ಬರಿದಾಗಿ ಬಿಸಿಲಿಗೆ ಹೊಳೆಯಿತು. ಒಂದು ಎಲೆಯೂ ಉಳಿಯದಂತೆ ಅವರು ಅದರ ಮೈ ಸವರಿದರು.

ಗುಡ್ಲನ್ನೇ ಸುಡಬೇಕೆಂಬುದು ಪದ್ಧತಿ ಎಂದಳು ಧನ್ಯಶ್ರೀ. ನೆರೆದವರ ಎದುರು ಅತ್ತೆಯದೇ ಮಾತು ಹೇಳಿದಳು: ಏನೂ ಉಳಿಯಬಾರದು, ಬೂದಿಯೇ ಆಗಬೇಕು.

ಅಮರೇಶ ನಕ್ಕ. ಅದು ನೈಲಾನು ಕಣಕ್ಕ, ಬೆಂಕಿ ಇಟ್ಟರೆ ಕರಗಿ ಬೀಳುತ್ತೆ, ಟ್ಯಾಂಕಿನ ಪೈಪು ಸಮೇತ ಹೋಗುತ್ತೆ ಎಂದ. ಹೆಂಗಸರೂ ನಕ್ಕರು. ಮಹದೇವ್ ಬಂದು ಹೆಂಡತಿಯ ಕೈಯಿಂದ ಬೆಂಕಿಪೊಟ್ಟಣ ಬಿಡಿಸಿಕೊಂಡು ಸೊಪ್ಪಿನ ರಾಶಿಗೆ ಕಡ್ಡಿ ಗೀರಿದ. ಬಾಡಿದ ಹಲಸಿನ ಎಲೆ ಚಟಪಟ ಹತ್ತಿಕೊಂಡಿತು.

"ಸೊಪ್ಪು ಸುಟ್ರೆ ಗುಡ್ಲು ಸುಟ್ಟ ಹಾಗೇ," ಎಂದರು ಗಂಗಲಕ್ಷ್ಮಮ್ಮ ಎಲ್ಲರಿಗೂ. ಆಮೇಲೆ ಸೊಸೆಯ ಕಡೆ ತಿರುಗಿ, ಅವಳ ಮುಖಕ್ಕೆ ಹೊಗೆ ಬಾರದಂತೆ ತಮ್ಮ ಸೆರಗು ಅಡ್ಡ ಹಿಡಿದು, ಮೆಲ್ಲಗೆ ಹೇಳಿದರು.

"ಇದನ್ನ ಯಾರಾದ್ರೂ ಸುಡ್ತಾರಾ ಹುಚ್ಚಿ? ಮುಂದಿನ ತಿಂಗಳಿಗೆ ಬೇಕಲ್ಲ. ಚೀಲದ ಮೇಲೆ ಮೂವರಿಗೆ ಅಂತ ಬರ್ದಿದೆ, ನೀವಿಬ್ರೂ ಆರಾಮಾಗಿ ಹಿಡೀತೀರ."

ನೆಂಟರು ಊಟಕ್ಕೆ ಇಳಿದರು. ಬೂದಿಗೆ ನೀರು ಹೊಯ್ದಾಯಿತು. ಟೆಂಟು ಮಡಚಬೇಕಿತ್ತು, ಅದು ಬರುತ್ತಿದ್ದದ್ದು ಅವಳೊಬ್ಬಳಿಗೆ. ಅಂಚು ಕೂಡಿಸಿ ಮೊಣಕಾಲೂರಿದಾಗ ಐಶು ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತಳು. ಮುಖದಲ್ಲಿ ಕೋಪವಿರಲಿಲ್ಲ. ಮುಂಚಿನದೂ ಯಾವುದೂ ಇರಲಿಲ್ಲ.

"ಮಡಚೋದೂ ಹೇಳ್ಕೊಡು," ಎಂದಳು. "ನೀನು ಆಫೀಸಿಗೆ ಹೋದಾಗ ನಾನೇ ಮಡಚಬೇಕಂತೆ."

ಗಂಗಲಕ್ಷ್ಮಮ್ಮ ಮೆಟ್ಟಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಧನ್ಯಶ್ರೀ ಮಗಳ ಕೈಗಳನ್ನು ತನ್ನ ಕೈಯೊಳಗೆ ಹಿಡಿದು ಅಂಚಿನ ಮೇಲಿಟ್ಟಳು. ಹೀಗೆ ಬಗ್ಗಿಸು, ಬಿಡಬೇಡ, ಈಗ ತಿರುವು. ಮೊದಲ ಸಲ ಅದು ಚಿಮ್ಮಿ ಹುಡುಗಿಯ ತುಟಿಗೆ ಬಡಿಯಿತು. ಅವಳು ತುಟಿ ಒರೆಸಿಕೊಂಡು ಮತ್ತೆ ಹಿಡಿದಳು. ಇನ್ನೊಂದು ಸಲಕ್ಕೆ ಬಳೆಯೊಳಗೆ ಬಳೆ ಕೂತಿತು.

ಚೀಲವನ್ನು ಎಲ್ಲಿಡುವುದೆಂದು ಯಾರೂ ಹೇಳಬೇಕಾಗಿರಲಿಲ್ಲ. ಐಶುವೇ ಅದನ್ನು ಎದೆಗವಚಿಕೊಂಡು ಇಳಿದುಹೋಗಿ ಮೆಟ್ಟಿಲ ಕೆಳಗಿಟ್ಟು ಬಂದಳು. ಮೋಟರಿನ ಮೇಲೆ, ಮೀಟರು ಬೋರ್ಡಿನ ಪಕ್ಕ, ಅಷ್ಟು ಜಾಗ ಉಳಿದಿತ್ತು.